ವೇಬ್ರಿಡ್ಜ್ ಮತ್ತು ಮೀಟರ್‌ಗಳನ್ನು ನೆಟ್‌ವರ್ಕ್‌ಗೆ ತರುವಾಗ: ಸೀರಿಯಲ್ ಡಿವೈಸ್ ಸರ್ವರ್‌ನ ಅಳವಡಿಕೆ ಮತ್ತು ಭದ್ರತೆ

ಪ್ರಶ್ನೆ: ಸಿಂಧನೂರಿನ ಬಳಿಯ ಅಕ್ಕಿ ಗಿರಣಿಯೊಂದರಲ್ಲಿ ವಿದ್ಯುತ್ ಮತ್ತು ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತೇನೆ. ಗೇಟಿನ ಬಳಿಯ ವೇಬ್ರಿಡ್ಜ್ ಕ್ಯಾಬಿನ್ ಕಚೇರಿಯಿಂದ ಸುಮಾರು 180 ಮೀಟರ್ ದೂರದಲ್ಲಿದೆ. ಅಲ್ಲಿನ ತೂಕದ ಇಂಡಿಕೇಟರ್‌ಗೆ ಆರ್‌ಎಸ್-232 ಎಂಬ ಸೀರಿಯಲ್ ಪೋರ್ಟ್ ಇದೆ. ಪ್ಯಾನಲ್ ಕೋಣೆಯಲ್ಲಿ ಆರ್‌ಎಸ್-485 ಎಂಬ ಇನ್ನೊಂದು ಬಗೆಯ ಸೀರಿಯಲ್ ಪೋರ್ಟ್ ಇರುವ ಎಂಟು ಎನರ್ಜಿ ಮೀಟರ್‌ಗಳಿವೆ. ಎರಡನ್ನೂ ಕಚೇರಿಯ ಕಂಪ್ಯೂಟರಿನಲ್ಲಿ ನೋಡಲು ಎರಡು ಸೀರಿಯಲ್ ಡಿವೈಸ್ ಸರ್ವರ್‌ಗಳನ್ನು (ಸೀರಿಯಲ್ ಪೋರ್ಟನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆಗಳನ್ನು) ತಂದಿದ್ದೇವೆ. ಇವನ್ನು ಹೇಗೆ ಅಳವಡಿಸಬೇಕು? ಮಾಲೀಕರು ಬೆಂಗಳೂರಿನಿಂದಲೂ ನೋಡಬೇಕೆನ್ನುತ್ತಾರೆ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಳಗಿನ ಪೆಟ್ಟಿಗೆಗೆ ನೇರ ದಾರಿ ತೆರೆಯುವುದು) ಮಾಡಿದರೆ ಸಾಕು ಎಂದು ಮಾರಾಟಗಾರರು ಹೇಳಿದ್ದಾರೆ. ಅದು ಸರಿಯೇ? ಬ್ಲೋವರ್‌ಗಳ ವಿಎಫ್‌ಡಿಗಳನ್ನೂ (ಮೋಟಾರ್ ವೇಗ ನಿಯಂತ್ರಿಸುವ ಸಾಧನಗಳನ್ನೂ) ಮೀಟರ್‌ಗಳ ಲೈನಿಗೇ ಸೇರಿಸಬಹುದೇ?

ಉತ್ತರ: ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಪೋರ್ಟ್ ಫಾರ್ವರ್ಡಿಂಗ್ ಬೇಡ. ವಿಎಫ್‌ಡಿಗಳನ್ನು ಮೀಟರ್‌ಗಳ ಲೈನಿಗೆ ಸೇರಿಸುವುದೂ ಬೇಡ. ಎರಡಕ್ಕೂ ಕಾರಣ ಒಂದೇ. ಆರ್‌ಎಸ್-232 ಬಂದದ್ದು 1960ರಲ್ಲಿ, ಮೀಟರ್, ವಿಎಫ್‌ಡಿಗಳು ಮಾತಾಡುವ ಮಾಡ್‌ಬಸ್ ಭಾಷೆ 1979ರಲ್ಲಿ, ಆರ್‌ಎಸ್-485 1983ರಲ್ಲಿ. ತಂತಿಯ ಇನ್ನೊಂದು ತುದಿಯನ್ನು ಹಿಡಿದವನು ಅದೇ ಕೋಣೆಯಲ್ಲಿ ನಿಂತಿರುವ ನಮ್ಮವನೇ ಎಂಬ ನಂಬಿಕೆಯ ಮೇಲೆ ಇವೆಲ್ಲ ನಿಂತಿವೆ. ಮಾಡ್‌ಬಸ್ ಸಂದೇಶದಲ್ಲಿ ಕಳುಹಿಸಿದವರು ಯಾರು ಎಂದು ಹೇಳುವ ಜಾಗವೇ ಇಲ್ಲ. ಯಾರು ಕೇಳಿದರೂ ಮೀಟರ್ ಉತ್ತರಿಸುತ್ತದೆ, ಯಾರು ಬರೆದರೂ ವಿಎಫ್‌ಡಿ ಪಾಲಿಸುತ್ತದೆ. ಡಿವೈಸ್ ಸರ್ವರ್ ಮಾಡುವುದು ಇಷ್ಟೇ: ಆ ತಂತಿಯನ್ನು, ಅದರೊಂದಿಗೆ ಆ ನಂಬಿಕೆಯನ್ನೂ, ನಿಮ್ಮ ನೆಟ್‌ವರ್ಕ್ ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೆ ಎಳೆದುಕೊಂಡು ಹೋಗುವುದು. ಸಾಮಾನ್ಯ ದರ್ಜೆಯ ಪೆಟ್ಟಿಗೆಗಳಲ್ಲಿ ಡೇಟಾ ಹರಿಯುವ ಪೋರ್ಟಿಗೆ ಪಾಸ್‌ವರ್ಡ್ ಆಗಲಿ ಗೂಢಲಿಪಿಯಾಗಲಿ ಇರುವುದಿಲ್ಲ. ವೆಬ್ ಪುಟಕ್ಕೆ ನೀವು ಹಾಕುವ ಪಾಸ್‌ವರ್ಡ್ ಸೆಟ್ಟಿಂಗ್‌ಗಳನ್ನು ಮಾತ್ರ ಕಾಯುತ್ತದೆ, ಡೇಟಾವನ್ನಲ್ಲ. ಆದ್ದರಿಂದ ಕಾವಲನ್ನು ಪೆಟ್ಟಿಗೆಯ ಹೊರಗೆ, ಅಂದರೆ ತಂತಿ ಜೋಡಣೆಯಲ್ಲಿ ಮತ್ತು ಸುತ್ತಲಿನ ನೆಟ್‌ವರ್ಕ್‌ನಲ್ಲಿ ಕಟ್ಟಬೇಕಾಗುತ್ತದೆ. ಅಳವಡಿಕೆ ಬೇರೆ, ಭದ್ರತೆ ಬೇರೆ ಎಂದು ಎರಡು ಹಂತಗಳಾಗಿ ನೋಡುವ ಅಭ್ಯಾಸ ನಮ್ಮಲ್ಲಿದೆ. ಈ ಪೆಟ್ಟಿಗೆಗಳ ವಿಷಯದಲ್ಲಿ ಭದ್ರತೆಯ ಅರ್ಧ ಕೆಲಸ ಸ್ಕ್ರೂ ಡ್ರೈವರ್ ಹಿಡಿದಿರುವಾಗಲೇ ಮುಗಿದಿರಬೇಕು.

ಮೊದಲು ದೂರದ ಲೆಕ್ಕ. ಆರ್‌ಎಸ್-232 ಕೇಬಲ್‌ಗೆ 15 ಮೀಟರ್ ಎಂಬುದು ವಾಡಿಕೆಯ ಮಿತಿ. ಒಳ್ಳೆಯ ಕೇಬಲ್ ಹಾಕಿ ವೇಗ ಕಡಿಮೆ ಇಟ್ಟರೆ ಇನ್ನಷ್ಟು ಎಳೆಯಬಹುದಾದರೂ 180 ಮೀಟರ್ ಅದರ ಕೆಲಸವಲ್ಲ. ತಾಮ್ರದ ಈಥರ್ನೆಟ್ ಕೇಬಲ್‌ನ ಮಿತಿ 100 ಮೀಟರ್. ಹಾಗಾಗಿ ಡಿವೈಸ್ ಸರ್ವರ್ ಅನ್ನು ವೇಬ್ರಿಡ್ಜ್ ಕ್ಯಾಬಿನ್‌ನಲ್ಲಿಯೇ ಇಂಡಿಕೇಟರ್‌ನ ಪಕ್ಕದಲ್ಲಿಟ್ಟು, ಅಲ್ಲಿಂದ ಕಚೇರಿಗೆ ಆಪ್ಟಿಕಲ್ ಫೈಬರ್ ಎಳೆಸಿ, ಎರಡೂ ತುದಿಗಳಲ್ಲಿ ಫೈಬರ್ ಮತ್ತು ತಾಮ್ರದ ಈಥರ್ನೆಟ್ ಅನ್ನು ಜೋಡಿಸುವ ಮೀಡಿಯಾ ಕನ್ವರ್ಟರ್ ಇಡಿ. ನಡುವೆ ಒಂದು ಸ್ವಿಚ್ ಇಟ್ಟು ತಾಮ್ರದಲ್ಲೇ ಮುಗಿಸೋಣ ಎನ್ನುವವರು ಸಿಗುತ್ತಾರೆ, ಒಪ್ಪಬೇಡಿ. ಮುಂಗಾರು ಪೂರ್ವದ ಗುಡುಗು ಮಿಂಚಿನ ದಿನಗಳಲ್ಲಿ ಎರಡು ಕಟ್ಟಡಗಳ ಅರ್ತಿಂಗ್ ನಡುವೆ ಉಂಟಾಗುವ ವೋಲ್ಟೇಜ್ ವ್ಯತ್ಯಾಸ ತಾಮ್ರದ ಮೂಲಕವೇ ಹರಿದು ಎರಡೂ ತುದಿಯ ಪೋರ್ಟ್‌ಗಳನ್ನು ಸುಡುತ್ತದೆ, ಫೈಬರ್‌ನಲ್ಲಿ ಆ ದಾರಿಯೇ ಇರುವುದಿಲ್ಲ. ಲೋಹದ ಕವಚವಿಲ್ಲದ ಫೈಬರ್ ಕೇಬಲ್ ಆರಿಸಿಕೊಳ್ಳಿ. ಇಲಿಗಳ ಕಾಟಕ್ಕೆ ಕವಚವಿರುವುದೇ ಬೇಕೆಂದಾದರೆ ಆ ಕವಚವನ್ನು ಎರಡೂ ಕಡೆಯ ಉಪಕರಣಗಳಿಂದ ದೂರವಿಟ್ಟು ಒಂದೇ ಕಡೆ ಅರ್ತ್ ಮಾಡಿಸಿ.

ಇಂಡಿಕೇಟರ್ ಜೋಡಿಸುವಾಗ ಅದರ ಮುಚ್ಚಳವನ್ನು ತೆರೆಯಬೇಡಿ. ವ್ಯಾಪಾರಕ್ಕೆ ಬಳಸುವ ತೂಕದ ಯಂತ್ರ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆಗೆ ಒಳಪಟ್ಟದ್ದು. ಸೀಲ್ ಒಡೆದರೆ ನೆಟ್‌ವರ್ಕ್‌ಗಿಂತ ದೊಡ್ಡ ತೊಂದರೆ ಎದುರಾಗುತ್ತದೆ. ಹೊರಗೆ ಕಾಣುವ ಒಂಬತ್ತು ಪಿನ್‌ಗಳ ಕನೆಕ್ಟರ್ ಸಾಕು. ಅದರಲ್ಲಿ 5ನೆಯ ಪಿನ್ ಸಿಗ್ನಲ್ ಗ್ರೌಂಡ್. 2 ಮತ್ತು 3ರಲ್ಲಿ ಒಂದು ಕಳುಹಿಸುವುದು, ಇನ್ನೊಂದು ಪಡೆಯುವುದು. ಯಾವುದು ಯಾವುದೆಂದು ಕೈಪಿಡಿ ಸರಿಯಾಗಿ ಹೇಳದಿದ್ದರೆ ಮಲ್ಟಿಮೀಟರ್ ಹೇಳುತ್ತದೆ. ಡಿಸಿ 20 ವೋಲ್ಟ್ ರೇಂಜ್‌ನಲ್ಲಿ ಕಪ್ಪು ತುದಿಯನ್ನು 5ನೆಯ ಪಿನ್‌ಗೆ ಹಿಡಿದು ಕೆಂಪು ತುದಿಯನ್ನು 2ಕ್ಕೂ 3ಕ್ಕೂ ಮುಟ್ಟಿಸಿ ನೋಡಿ. ಮೈನಸ್ 5ರಿಂದ ಮೈನಸ್ 12ರ ಆಸುಪಾಸಿನಲ್ಲಿ ಸ್ಪಷ್ಟವಾದ ಋಣ ವೋಲ್ಟೇಜ್ ತೋರಿಸುವ ಪಿನ್ ಕಳುಹಿಸುವ ಪಿನ್. ಇಂಡಿಕೇಟರ್ ತೂಕವನ್ನು ನಿರಂತರವಾಗಿ ಕಳುಹಿಸುತ್ತಿದ್ದರೆ ಆ ಅಂಕಿ ನಿಲ್ಲದೆ ಅಲುಗಾಡುತ್ತಿರುತ್ತದೆ. ಇನ್ನೊಂದು ಪಿನ್ ಸೊನ್ನೆಯ ಬಳಿಯೇ ಇರುತ್ತದೆ. ಇಂಡಿಕೇಟರ್‌ನ ಕಳುಹಿಸುವ ಪಿನ್ ಡಿವೈಸ್ ಸರ್ವರ್‌ನ ಪಡೆಯುವ ಪಿನ್‌ಗೆ ಹೋಗಬೇಕು, ಗ್ರೌಂಡ್ ಗ್ರೌಂಡ್‌ಗೆ.

ಇಲ್ಲಿಗೆ ನಿಲ್ಲಿಸಿ. ಮೂರನೆಯ ತಂತಿಯನ್ನು, ಅಂದರೆ ಡಿವೈಸ್ ಸರ್ವರ್‌ನಿಂದ ಇಂಡಿಕೇಟರ್‌ಗೆ ಹೋಗುವ ತಂತಿಯನ್ನು, ಜೋಡಿಸಲೇಬೇಡಿ. ವೇಬ್ರಿಡ್ಜ್ ಇಂಡಿಕೇಟರ್‌ಗಳಲ್ಲಿ ಸಾಮಾನ್ಯವಾಗಿ ನಿರಂತರ ರವಾನೆಯ ವಿಧಾನ ಇರುತ್ತದೆ. ಅದನ್ನು ಆಯ್ಕೆ ಮಾಡಿ, ಫ್ಲೋ ಕಂಟ್ರೋಲ್ (ರವಾನೆಗೆ ಒಪ್ಪಿಗೆ ಕೇಳುವ ವ್ಯವಸ್ಥೆ) ಬೇಡವೆಂದು ಇಟ್ಟರೆ ಇಂಡಿಕೇಟರ್‌ಗೆ ಕಚೇರಿಯಿಂದ ಏನನ್ನೂ ಹೇಳುವ ಅಗತ್ಯವೇ ಬರುವುದಿಲ್ಲ. ಅನೇಕ ಇಂಡಿಕೇಟರ್‌ಗಳು ಸೀರಿಯಲ್ ಮೂಲಕ ಜೀರೋ ಮಾಡುವ, ಟೇರ್ (ಕಳೆಯಬೇಕಾದ ಖಾಲಿ ತೂಕ) ಹಿಡಿಯುವ ಆದೇಶಗಳನ್ನು ಸ್ವೀಕರಿಸುತ್ತವೆ. ಆ ತಂತಿ ಇಲ್ಲದಿದ್ದರೆ ನಿಮ್ಮ ಇಡೀ ನೆಟ್‌ವರ್ಕ್ ಪರರ ಕೈಗೆ ಹೋದರೂ ಲಾರಿ ನಿಂತಿರುವಾಗ ದೂರದಿಂದ ತೂಕವನ್ನು ಸೊನ್ನೆ ಮಾಡಲು ಯಾರಿಗೂ ಸಾಧ್ಯವಿಲ್ಲ. ಪೆಟ್ಟಿಗೆಯೊಳಗಿನ ತಂತ್ರಾಂಶವಾದ ಫರ್ಮ್‌ವೇರ್‌ನ ಯಾವ ದೋಷವೂ ಇಲ್ಲದ ತಂತಿಯನ್ನು ಹುಟ್ಟಿಸಲಾರದು. ಖರ್ಚಿಲ್ಲದ ಈ ಉಪಾಯವನ್ನು ಇಡೀ ಉತ್ತರದಲ್ಲಿ ಒಂದನ್ನೇ ಪಾಲಿಸುವುದಾದರೂ ಪಾಲಿಸಿ ಎಂದು ಹೇಳುವಷ್ಟು ನಾನು ನಂಬುತ್ತೇನೆ.

ಮೀಟರ್‌ಗಳ ಕಡೆ ಇದು ನಡೆಯದು, ಅಲ್ಲಿ ಕೇಳಿದರೆ ಮಾತ್ರ ಉತ್ತರ. ಆರ್‌ಎಸ್-485ರಲ್ಲಿ ಎರಡು ತಂತಿಗಳ ನಡುವಿನ ವ್ಯತ್ಯಾಸವೇ ಸಂಕೇತವಾದ್ದರಿಂದ 1200 ಮೀಟರ್‌ವರೆಗೂ, 32 ಯೂನಿಟ್ ಲೋಡ್‌ವರೆಗೂ (ಉಪಕರಣವೊಂದು ಲೈನಿಗೆ ಹೇರುವ ಹೊರೆಯ ಅಳತೆ) ಒಂದೇ ಲೈನಿನಲ್ಲಿ ಹೋಗಬಹುದು; ಎಂಟು ಎನರ್ಜಿ ಮೀಟರ್‌ಗಳು ಅದಕ್ಕೆ ಭಾರವಲ್ಲ. ಮೀಟರ್‌ನಿಂದ ಮೀಟರ್‌ಗೆ ಸರಪಳಿಯಂತೆ ಸಾಗಿ. ನಡುವೆ ಟಿ ಹಾಕಿ ಉದ್ದ ಕವಲು ತೆಗೆಯಬೇಡಿ. ಲೈನಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್ ರೆಸಿಸ್ಟರ್ ಇರಲಿ. ಎಲ್ಲ ಉಪಕರಣಗಳ ವಿದ್ಯುತ್ ನಿಲ್ಲಿಸಿ ಎರಡು ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಸಿಗಬೇಕು. 40ರ ಸುತ್ತ ಬಂದರೆ ಎಲ್ಲೋ ಮೂರನೆಯ ರೆಸಿಸ್ಟರ್ ಸೇರಿಕೊಂಡಿದೆ, 120 ಬಂದರೆ ಒಂದು ತುದಿ ಖಾಲಿ ಇದೆ. ಎ ಮತ್ತು ಬಿ ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಉತ್ತರವೇ ಬರದಿದ್ದರೆ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಿ, ಅದರಿಂದ ಏನೂ ಕೆಡುವುದಿಲ್ಲ. ಸಿಗ್ನಲ್ ಕಾಮನ್‌ಗಾಗಿ ಮೂರನೆಯ ತಂತಿಯನ್ನೂ ಎಳೆಯಿರಿ: ಆರ್‌ಎಸ್-485 ಚಿಪ್ ತಡೆಯಬಲ್ಲ ಕಾಮನ್ ಮೋಡ್ ವೋಲ್ಟೇಜ್ (ಎರಡೂ ತಂತಿಗಳ ಮೇಲೆ ಒಟ್ಟಿಗೇ ಬರುವ ವೋಲ್ಟೇಜ್) ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ಮಾತ್ರ, ದೊಡ್ಡ ಮೋಟಾರ್‌ಗಳಿರುವ ಗಿರಣಿಯಲ್ಲಿ ಅದು ಸುಲಭವಾಗಿ ಮೀರುತ್ತದೆ. ಶೀಲ್ಡ್ ಅನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ.

ಇನ್ನು ಯಾವ ಮೋಡ್ ಎಂಬ ಪ್ರಶ್ನೆ. ಹೆಚ್ಚು ಜನ ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಡಿವೈಸ್ ಸರ್ವರ್ ಮುಖ್ಯವಾಗಿ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಒಂದು, ಕಂಪ್ಯೂಟರಿನಲ್ಲಿ ತಯಾರಕರ ಡ್ರೈವರ್ ಹಾಕಿ ಕಾಮ್ 5, ಕಾಮ್ 6 ಎಂಬಂಥ ವರ್ಚುವಲ್ ಪೋರ್ಟ್ ಸೃಷ್ಟಿಸುವುದು. ಹಳೆಯ ತಂತ್ರಾಂಶಕ್ಕೆ ನಡುವೆ ನೆಟ್‌ವರ್ಕ್ ಇದೆ ಎಂಬುದೇ ತಿಳಿಯುವುದಿಲ್ಲ. ಇದಕ್ಕೊಂದು ಮುಕ್ತ ಮಾನದಂಡವೂ ಇದೆ, 1997ರ ಆರ್‌ಎಫ್‌ಸಿ 2217. ಬಾಡ್ ರೇಟ್, ಪ್ಯಾರಿಟಿ ಮುಂತಾದವನ್ನು ನೆಟ್‌ವರ್ಕ್ ಮೂಲಕವೇ ಬದಲಿಸಲು ಅದು ಅವಕಾಶ ಕೊಡುತ್ತದೆ. ಇನ್ನೊಂದು, ಟಿಸಿಪಿ (ನೆಟ್‌ವರ್ಕ್‌ನಲ್ಲಿ ಡೇಟಾ ಸಾಗಿಸುವ ಸಾಮಾನ್ಯ ವಿಧಾನ) ಸರ್ವರ್ ಮೋಡ್. ಪೆಟ್ಟಿಗೆ ಒಂದು ಪೋರ್ಟ್ ಸಂಖ್ಯೆಯಲ್ಲಿ ಕಾಯುತ್ತ ಕುಳಿತಿರುತ್ತದೆ, ತಂತ್ರಾಂಶ ನೇರವಾಗಿ ಬಂದು ಸಂಪರ್ಕಿಸುತ್ತದೆ. ನಿಮ್ಮ ವೇಬ್ರಿಡ್ಜ್ ತಂತ್ರಾಂಶ ಕಾಮ್ ಪೋರ್ಟ್ ಮಾತ್ರ ಬಲ್ಲದ್ದಾದರೆ ಮೊದಲನೆಯದು ಅನಿವಾರ್ಯ. ಟಿಸಿಪಿ ಬಲ್ಲದ್ದಾದರೆ ಎರಡನೆಯದೇ ಒಳ್ಳೆಯದು, ಏಕೆಂದರೆ ವಿಂಡೋಸ್ ಅಪ್‌ಡೇಟ್ ಆದಾಗಲೆಲ್ಲ ಮುನಿಸಿಕೊಳ್ಳುವ ಡ್ರೈವರ್‌ನ ಗೊಡವೆ ಇರುವುದಿಲ್ಲ, ಫೈರ್‌ವಾಲ್‌ನಲ್ಲಿ ತೆರೆಯಬೇಕಾದದ್ದೂ ಒಂದೇ ಪೋರ್ಟ್.

ಮೀಟರ್‌ಗಳಿಗೆ ಮಾತ್ರ ಬರಿಯ ಡಿವೈಸ್ ಸರ್ವರ್‌ಗಿಂತ ಮಾಡ್‌ಬಸ್ ಗೇಟ್‌ವೇ ಸೂಕ್ತ. ನೋಡಲು ಒಂದೇ ಬಗೆಯ ಪೆಟ್ಟಿಗೆಗಳಾದರೂ ವ್ಯತ್ಯಾಸ ದೊಡ್ಡದು. ಮಾಡ್‌ಬಸ್‌ನ ಸೀರಿಯಲ್ ರೂಪವಾದ ಆರ್‌ಟಿಯುನಲ್ಲಿ ಒಂದು ಸಂದೇಶ ಎಲ್ಲಿ ಮುಗಿಯಿತು ಎಂಬುದನ್ನು ಸಾರುವುದು ಮೂರೂವರೆ ಅಕ್ಷರಗಳಷ್ಟು ಹೊತ್ತಿನ ಮೌನ. 9600 ವೇಗದಲ್ಲಿ, ಅಕ್ಷರವೊಂದಕ್ಕೆ 11 ಬಿಟ್‌ನಂತೆ, ಸುಮಾರು 4 ಮಿಲಿಸೆಕೆಂಡ್. ಟಿಸಿಪಿಗೆ ಈ ಮೌನದ ಪರಿವೆಯಿಲ್ಲ. ಒಂದು ಸಂದೇಶ ಎರಡು ತುಂಡಾಗಿ ಬರಬಹುದು, ಎರಡು ಸಂದೇಶಗಳು ಅಂಟಿಕೊಂಡು ಬರಬಹುದು. ಆಗ ಸಿಆರ್‌ಸಿ (ಸಂದೇಶ ಸರಿಯಿದೆಯೇ ಎಂದು ನೋಡುವ ಅಂಕಿ) ತಪ್ಪಾಗಿ ತಂತ್ರಾಂಶ ಟೈಮ್ ಔಟ್ ಎನ್ನುತ್ತದೆ, ನೀವು ಇಡೀ ದಿನ ಕೇಬಲ್ ಪರೀಕ್ಷಿಸುತ್ತ ಕೂರುತ್ತೀರಿ. ಗೇಟ್‌ವೇ ಸೀರಿಯಲ್ ಕಡೆಯ ಸಂದೇಶವನ್ನು ಪೂರ್ತಿಯಾಗಿ ಓದಿಕೊಂಡು, ಉದ್ದವನ್ನು ಒಳಗೇ ಹೇಳುವ ಮಾಡ್‌ಬಸ್ ಟಿಸಿಪಿ ರೂಪಕ್ಕೆ ಬದಲಿಸಿ 502ನೆಯ ಪೋರ್ಟ್‌ನಲ್ಲಿ ಕೊಡುತ್ತದೆ. ಇಬ್ಬರು ಒಟ್ಟಿಗೆ ಕೇಳಿದರೆ ಒಬ್ಬರಾದ ಮೇಲೆ ಒಬ್ಬರಂತೆ ಸಾಲಿನಲ್ಲಿ ನಿಲ್ಲಿಸುತ್ತದೆ. ನೀವು ಕೊಂಡ ಪೆಟ್ಟಿಗೆಯಲ್ಲಿ ಗೇಟ್‌ವೇ ಮೋಡ್ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ವರ್ಚುವಲ್ ಕಾಮ್ ಪೋರ್ಟ್ ಬಳಸಿ, ಗರಿಷ್ಠ ಸಂಪರ್ಕಗಳ ಸಂಖ್ಯೆಯನ್ನು 1ಕ್ಕೆ ಇಳಿಸಿ, ತಂತ್ರಾಂಶದ ಟೈಮ್ ಔಟ್ ಅನ್ನು ಒಂದು ಸೆಕೆಂಡ್‌ವರೆಗೆ ಏರಿಸಿ. ವೇಗದ ಚಿಂತೆ ಬೇಡ: 40 ರಿಜಿಸ್ಟರ್ (ಮೀಟರ್‌ನ ಒಳಗಿನ ಅಂಕಿಗಳ ಖಾನೆ) ಕೇಳುವ 8 ಬೈಟ್‌ಗಳ ಪ್ರಶ್ನೆ ಮತ್ತು ಅದರ 85 ಬೈಟ್‌ಗಳ ಉತ್ತರಕ್ಕೆ 9600ರಲ್ಲಿ ಹಿಡಿಯುವುದು ಸುಮಾರು 107 ಮಿಲಿಸೆಕೆಂಡ್, ಮೀಟರ್ ಯೋಚಿಸುವ ಸಮಯ ಸೇರಿದರೂ ಎಂಟು ಮೀಟರ್‌ಗಳ ಒಂದು ಸುತ್ತು ಎರಡು ಸೆಕೆಂಡಿನೊಳಗೆ ಮುಗಿಯಬೇಕು. ವಿದ್ಯುತ್ ಬಳಕೆಯ ಲೆಕ್ಕಕ್ಕೆ ನಿಮಿಷಕ್ಕೊಮ್ಮೆ ಓದಿದರೆ ಧಾರಾಳವಾಯಿತು.

ವೇಬ್ರಿಡ್ಜ್ ಪೋರ್ಟ್‌ನಲ್ಲಿ ಎರಡು ಸೆಟ್ಟಿಂಗ್‌ಗಳನ್ನು ವಿಶೇಷವಾಗಿ ನೋಡಬೇಕು. ಒಂದು, ಡಿಲಿಮಿಟರ್, ಅಂದರೆ ಸಾಲು ಮುಗಿದ ಗುರುತು. ತೂಕದ ಪ್ರತಿ ಸಾಲೂ ಸಾಮಾನ್ಯವಾಗಿ ಸಾಲು ಮುಗಿಸುವ ಅಕ್ಷರಗಳೊಂದಿಗೆ, ದಶಮಾನದಲ್ಲಿ ಹೇಳುವುದಾದರೆ 13 ಮತ್ತು 10ರೊಂದಿಗೆ, ಕೊನೆಗೊಳ್ಳುತ್ತದೆ. ಅದನ್ನು ಡಿಲಿಮಿಟರ್ ಆಗಿ ಕೊಟ್ಟರೆ ಪೆಟ್ಟಿಗೆ ಪೂರ್ತಿ ಸಾಲು ಸಿಕ್ಕ ಮೇಲಷ್ಟೇ ಮುಂದೆ ಕಳುಹಿಸುತ್ತದೆ. ಅರ್ಧ ತೂಕವನ್ನು ತಂತ್ರಾಂಶ ಓದಿಕೊಳ್ಳುವ ಸಂಭವ ಕಡಿಮೆಯಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ನೆಟ್‌ವರ್ಕ್ ಕಡಿದಾಗ ಕೆಲವು ಪೆಟ್ಟಿಗೆಗಳು ಸೀರಿಯಲ್ ಕಡೆಯಿಂದ ಬಂದದ್ದನ್ನು ತಮ್ಮ ಬಫರ್‌ನಲ್ಲಿ ತುಂಬಿಟ್ಟುಕೊಂಡು, ಸಂಪರ್ಕ ಮರಳಿದ ಕ್ಷಣವೇ ಹಳೆಯದನ್ನೆಲ್ಲ ಸುರಿಯುತ್ತವೆ. ಭತ್ತದ ಲಾರಿ ಇಳಿದು ಹೋಗಿ ಮುಂದಿನದು ಹತ್ತಿರುತ್ತದೆ. ಪರದೆಯ ಮೇಲೆ ಹಿಂದಿನ ಲಾರಿಯ ತೂಕ ಬರುತ್ತದೆ, ಅದೇ ಚೀಟಿಯಲ್ಲಿ ಅಚ್ಚಾಗುತ್ತದೆ. ಇದರಲ್ಲಿ ಕಳ್ಳರ ಕೈವಾಡ ಏನೂ ಇಲ್ಲ, ಆದರೂ ರೈತರೊಂದಿಗೆ ಜಗಳಕ್ಕೆ ಸಾಕು. ಸಂಪರ್ಕ ತೆರೆದಾಗ ಬಫರ್ ಖಾಲಿ ಮಾಡುವ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ. ಇರಲಿ ಬಿಡಲಿ, ತಂತ್ರಾಂಶದವರಿಗೆ ಹೇಳಿ ಸಂಪರ್ಕವಾದ ಮೊದಲ ಕೆಲವು ಸೆಕೆಂಡ್‌ಗಳ ಸಾಲುಗಳನ್ನು ಎಸೆಯುವಂತೆಯೂ, ತೂಕ ಸ್ಥಿರವಾಗಿ ನಿಂತ ಮೇಲೆ ಮಾತ್ರ ದಾಖಲಿಸುವಂತೆಯೂ ಮಾಡಿಸಿ. ಟಿಸಿಪಿ ಅಲೈವ್ ಚೆಕ್ ಅನ್ನು ಒಂದು ನಿಮಿಷಕ್ಕೆ ಇಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಕಂಪ್ಯೂಟರ್ ಸತ್ತ ನಂತರವೂ ಪೆಟ್ಟಿಗೆ ಹಳೆಯ ಸಂಪರ್ಕವನ್ನೇ ಹಿಡಿದುಕೊಂಡು ಹೊಸದನ್ನು ಒಳಗೆ ಬಿಡುವುದಿಲ್ಲ.

ಈಗ ಸೆಟ್ಟಿಂಗ್ ಕೆಲಸ. ಪೆಟ್ಟಿಗೆಯನ್ನು ಗಿರಣಿಯ ನೆಟ್‌ವರ್ಕ್‌ಗೆ ಸಿಕ್ಕಿಸುವ ಮೊದಲು ಮೇಜಿನ ಮೇಲಿಟ್ಟು ಲ್ಯಾಪ್‌ಟಾಪ್‌ಗೆ ನೇರವಾಗಿ ಜೋಡಿಸಿ. ಕಾರ್ಖಾನೆಯಿಂದ ಬರುವ ವಿಳಾಸ ತಯಾರಕರನ್ನು ಅವಲಂಬಿಸಿರುತ್ತದೆ. ಉದಾಹರಣೆಗೆ ಮೋಕ್ಸಾ ಎನ್‌ಪೋರ್ಟ್‌ಗಳದ್ದು 192.168.127.254, ಹಾಗಿದ್ದಾಗ ಲ್ಯಾಪ್‌ಟಾಪ್‌ಗೆ 192.168.127.10 ಕೊಟ್ಟರೆ ವೆಬ್ ಪುಟ ತೆರೆಯುತ್ತದೆ. ಮೊದಲ ಕೆಲಸ ಫರ್ಮ್‌ವೇರ್: ತಯಾರಕರ ಜಾಲತಾಣದಿಂದಲೇ ಇಳಿಸಿಕೊಂಡು, ಅಲ್ಲಿ ಚೆಕ್‌ಸಮ್ ಕೊಟ್ಟಿದ್ದರೆ ತಾಳೆ ನೋಡಿ ಹಾಕಿ. ಫರ್ಮ್‌ವೇರ್ ಬದಲಿಸಿದಾಗ ಸೆಟ್ಟಿಂಗ್‌ಗಳು ಮೊದಲಿನ ಸ್ಥಿತಿಗೆ ಮರಳುವ ಸಾಧ್ಯತೆ ಇರುವುದರಿಂದ ಉಳಿದದ್ದನ್ನೆಲ್ಲ ನಂತರ ಮಾಡಬೇಕು. ಆಮೇಲೆ ಪಾಸ್‌ವರ್ಡ್, ಎರಡು ಪೆಟ್ಟಿಗೆಗಳಿಗೂ ಬೇರೆ ಬೇರೆ, ಗಿರಣಿಯ ಹೆಸರಾಗಲಿ ಲಾರಿ ನಂಬರ್ ಆಗಲಿ ಅಲ್ಲದ ಉದ್ದನೆಯದು. ಗೂಢಲಿಪಿಯಿಲ್ಲದ ಟೆಲ್‌ನೆಟ್ ಮತ್ತು ಸಾದಾ ಎಚ್‌ಟಿಟಿಪಿ ಮುಚ್ಚಿ, ಎಚ್‌ಟಿಟಿಪಿಎಸ್ ಇದ್ದರೆ ಅದೊಂದನ್ನೇ ಉಳಿಸಿ. ಸಾಧನಗಳ ಮೇಲೆ ದೂರದಿಂದ ನಿಗಾ ಇಡುವ ಎಸ್‌ಎನ್‌ಎಂಪಿ ಸೇವೆಯನ್ನು ಯಾರೂ ಬಳಸುತ್ತಿಲ್ಲವಾದರೆ ಮುಚ್ಚಿ. ಅದರ ಹಳೆಯ ಆವೃತ್ತಿಗಳಲ್ಲಿ ಕಮ್ಯುನಿಟಿ ಹೆಸರು ‘ಪಬ್ಲಿಕ್’ ಎಂದೇ ಇರುತ್ತದೆ, ಅದು ಪಾಸ್‌ವರ್ಡ್ ಎನಿಸಿಕೊಳ್ಳಲು ಯೋಗ್ಯವಲ್ಲ. ನೆಟ್‌ವರ್ಕ್‌ನಲ್ಲಿ ಪೆಟ್ಟಿಗೆಯನ್ನು ತಾನೇ ಹುಡುಕಿಕೊಡುವ ಯುಟಿಲಿಟಿ ಸೇವೆಯನ್ನು ಕೆಲಸ ಮುಗಿದ ಮೇಲೆ ನಿಲ್ಲಿಸಿಬಿಡಿ. ಸ್ಥಿರ ಐಪಿ ಕೊಡಿ. ಗೇಟ್‌ವೇ ವಿಳಾಸದ (ಮಾಡ್‌ಬಸ್ ಗೇಟ್‌ವೇ ಅಲ್ಲ, ಹೊರಗಿನ ನೆಟ್‌ವರ್ಕ್‌ಗೆ ದಾರಿಯಾದ ರೂಟರ್‌ನ ವಿಳಾಸ) ಜಾಗವನ್ನು ಖಾಲಿ ಬಿಡಲು ಸಾಧ್ಯವಿದ್ದರೆ, ಕಂಪ್ಯೂಟರ್ ಮತ್ತು ಪೆಟ್ಟಿಗೆ ಒಂದೇ ಸಬ್‌ನೆಟ್‌ನಲ್ಲಿದ್ದರೆ, ಖಾಲಿ ಬಿಡಿ. ಹೊರಗಿನ ಜಗತ್ತಿಗೆ ಹೋಗುವ ದಾರಿಯೇ ತಿಳಿಯದ ಪೆಟ್ಟಿಗೆ ಹೊರಗಿನವರಿಗೆ ಉತ್ತರಿಸುವುದೂ ಕಷ್ಟ. ಕೊನೆಗೆ, ಪ್ರವೇಶವಿರುವ ಐಪಿಗಳ ಪಟ್ಟಿಯಲ್ಲಿ ಕಚೇರಿಯ ಆ ಒಂದು ಕಂಪ್ಯೂಟರ್ ಮತ್ತು ನಿಮ್ಮ ನಿರ್ವಹಣೆಯ ಲ್ಯಾಪ್‌ಟಾಪ್ ಇವೆರಡನ್ನೇ ಬರೆಯಿರಿ. ಐಪಿಯನ್ನು ನಕಲು ಮಾಡಬಹುದು ಎಂಬುದು ನಿಜ, ಆದ್ದರಿಂದ ಇದನ್ನೇ ನಂಬಿ ಕೂರುವಂತಿಲ್ಲ, ಆದರೂ ಹಾಕಲೇಬೇಕು.

ಪೋರ್ಟ್ ಫಾರ್ವರ್ಡಿಂಗ್ ವಿಷಯಕ್ಕೆ ಬರೋಣ. ನಿಮ್ಮ ಮಾರಾಟಗಾರರು ಕೆಡುಕು ಬಯಸಿ ಹೇಳಿದ್ದಲ್ಲ, ಹತ್ತು ನಿಮಿಷದಲ್ಲಿ ಮಾಲೀಕರ ಮೊಬೈಲ್‌ನಲ್ಲಿ ತೂಕ ಕಾಣಿಸುವ ದಾರಿ ಅದು. ಆದರೆ 4001, 10001, 502 ಇಂಥ ಸಂಖ್ಯೆಗಳು ಯಾವ ತಯಾರಕರದ್ದು, ಯಾವ ಪ್ರೊಟೊಕಾಲ್‌ನದ್ದು ಎಂಬುದು ಎಲ್ಲರಿಗೂ ಗೊತ್ತು. ಇಡೀ ಇಂಟರ್‌ನೆಟ್ ಅನ್ನು ಸದಾ ತಡಕಾಡಿ ಇಂಥ ಪೆಟ್ಟಿಗೆಗಳನ್ನು ಪಟ್ಟಿ ಮಾಡುವ ಶೋಡಾನ್‌ನಂಥ ಹುಡುಕು ಯಂತ್ರಗಳಿವೆ. 2013ರಲ್ಲಿ ರ‍್ಯಾಪಿಡ್7 ಸಂಸ್ಥೆಯ ಸಂಶೋಧಕರು ಹೀಗೆ ಹುಡುಕಿದಾಗ ಇಂಟರ್‌ನೆಟ್‌ಗೆ ತೆರೆದಿದ್ದ ಸೀರಿಯಲ್ ಸರ್ವರ್‌ಗಳು 1,14,000ಕ್ಕೂ ಹೆಚ್ಚು ಸಿಕ್ಕಿದ್ದವು, ಅವುಗಳಲ್ಲಿ ಬಹುಪಾಲು ಮೊಬೈಲ್ ಸಿಮ್ ಮೂಲಕ ಜೋಡಿಸಿದ್ದವು. ಪೋರ್ಟ್ ಸಂಖ್ಯೆಯನ್ನು 4001ರಿಂದ 54001ಕ್ಕೆ ಬದಲಿಸಿದರೆ ಅಡಗಿಕೊಂಡಂತಾಗುವುದಿಲ್ಲ.

ಪೆಟ್ಟಿಗೆ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉಕ್ರೇನ್‌ನ ಪ್ರಕರಣವಿದೆ. 2015ರ ಡಿಸೆಂಬರ್ 23ರಂದು ಅಲ್ಲಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ದಾಳಿ ನಡೆದು ಸುಮಾರು 2,25,000 ಗ್ರಾಹಕರಿಗೆ ಕೆಲವು ಗಂಟೆಗಳ ಕಾಲ ವಿದ್ಯುತ್ ಕಡಿತವಾಯಿತು. ದಾಳಿಕೋರರು ಬ್ರೇಕರ್‌ಗಳನ್ನು ತೆರೆದ ಮೇಲೆ, ಸಬ್‌ಸ್ಟೇಷನ್‌ಗಳಲ್ಲಿದ್ದ ಸೀರಿಯಲ್‌ನಿಂದ ಈಥರ್ನೆಟ್‌ಗೆ ಬದಲಿಸುವ ಪೆಟ್ಟಿಗೆಗಳ ಫರ್ಮ್‌ವೇರ್ ಅಳಿಸಿ ಹಾಳುಗೆಡವಿದರು. ಇದರಿಂದಾಗಿ ನಿಯಂತ್ರಣ ಕೊಠಡಿಯಿಂದ ಬ್ರೇಕರ್‌ಗಳನ್ನು ಮತ್ತೆ ಮುಚ್ಚಲಾಗದೆ ಸಿಬ್ಬಂದಿ ಸ್ಥಳಕ್ಕೇ ಹೋಗಿ ಕೈಯಿಂದ ಚಾಲೂ ಮಾಡಬೇಕಾಯಿತು. ಆ ದಾಳಿಕೋರರು ಒಳಗೆ ಬಂದದ್ದು ತೆರೆದ ಪೋರ್ಟ್‌ನಿಂದಲ್ಲ, ಕದ್ದ ಪಾಸ್‌ವರ್ಡ್‌ಗಳನ್ನು ಬಳಸಿ ವಿಪಿಎನ್ (ಇಂಟರ್‌ನೆಟ್ ಮೇಲಿನ ಗೂಢ ಖಾಸಗಿ ದಾರಿ) ಮೂಲಕ, ಅದಕ್ಕೆ ಎರಡನೆಯ ದೃಢೀಕರಣ ಇರಲಿಲ್ಲ. ವಿಪಿಎನ್ ಹಾಕಿದೆವು, ಇನ್ನು ನಿಶ್ಚಿಂತೆ ಎನ್ನುವವರಿಗೆ ನಾನು ಈ ಭಾಗವನ್ನೇ ಒತ್ತಿ ಹೇಳುವುದು.

ಹಾಗಾದರೆ ಮಾಲೀಕರು ಬೆಂಗಳೂರಿನಿಂದ ನೋಡುವುದು ಹೇಗೆ? ಅವರಿಗೆ ಬೇಕಾದದ್ದು ಇಂಡಿಕೇಟರ್‌ನ ಸೀರಿಯಲ್ ಸಾಲುಗಳಲ್ಲ, ದಿನದ ತೂಕ ಮತ್ತು ಯೂನಿಟ್‌ಗಳ ಲೆಕ್ಕ. ಆದ್ದರಿಂದ ಡಿವೈಸ್ ಸರ್ವರ್ ಅನ್ನು ಅವರ ಬಳಿಗೆ ಒಯ್ಯುವ ಅಗತ್ಯವೇ ಇಲ್ಲ. ಕಚೇರಿಯ ಕಂಪ್ಯೂಟರ್ ಪೆಟ್ಟಿಗೆಗಳಿಂದ ಓದಲಿ, ಡೇಟಾಬೇಸ್‌ನಲ್ಲಿ ಬರೆಯಲಿ. ಮಾಲೀಕರು ನೋಡುವುದು ಆ ಕಂಪ್ಯೂಟರಿನ ವರದಿ ಪುಟವನ್ನು, ಅದೂ ವಿಪಿಎನ್ ಒಳಗಿನಿಂದ. ವೈರ್‌ಗಾರ್ಡ್‌ನಂಥ ವಿಪಿಎನ್ ಪಾಸ್‌ವರ್ಡ್‌ನ ಮೇಲಲ್ಲ, ಪ್ರತಿ ಸಾಧನಕ್ಕೂ ಬೇರೆಯಾದ ಕೀಲಿಯ ಮೇಲೆ ನಡೆಯುತ್ತದೆ. ಫೋನ್ ಕಳೆದುಹೋದರೆ ಆ ಒಂದು ಕೀಲಿಯನ್ನು ಅಳಿಸಿದರಾಯಿತು. ಅದು ಯುಡಿಪಿ ಮೂಲಕ ಕೆಲಸ ಮಾಡುತ್ತದೆ ಮತ್ತು ಕೀಲಿ ಇಲ್ಲದವರು ತಟ್ಟಿದರೆ ಉತ್ತರಿಸುವುದೇ ಇಲ್ಲ, ಹಾಗಾಗಿ ಹೊರಗಿನಿಂದ ಹುಡುಕುವವರಿಗೆ ಅಲ್ಲಿ ಏನೋ ಇದೆ ಎಂದೇ ಕಾಣುವುದಿಲ್ಲ. ನಿಮ್ಮ ಬ್ರಾಡ್‌ಬ್ಯಾಂಡ್ ಸಿಜಿನ್ಯಾಟ್‌ನ (ಒಂದೇ ಸಾರ್ವಜನಿಕ ಐಪಿಯನ್ನು ಅನೇಕ ಗ್ರಾಹಕರಿಗೆ ಹಂಚುವ ವ್ಯವಸ್ಥೆಯ) ಹಿಂದಿದ್ದು ಸ್ವಂತ ಸಾರ್ವಜನಿಕ ಐಪಿ ಇಲ್ಲದಿದ್ದರೆ, ತಿಂಗಳ ಬಾಡಿಗೆಗೆ ಸಿಗುವ ಸಣ್ಣ ಕ್ಲೌಡ್ ಸರ್ವರ್ ಒಂದನ್ನು ನಡುವಿನ ಕೂಡುಸ್ಥಳವಾಗಿ ಬಳಸಿ. ಸಿಜಿನ್ಯಾಟ್ ಇದೆ, ಹಾಗಾಗಿ ಹೊರಗಿನವರು ಬರಲಾರರು ಎಂದುಕೊಳ್ಳುವುದು ಮಾತ್ರ ತಪ್ಪು. ಅದೇ ಸಂಪರ್ಕದಲ್ಲಿ ಐಪಿವಿ6 ಇದ್ದರೆ ಒಳಗಿನ ಸಾಧನಗಳಿಗೆ ನೇರ ವಿಳಾಸ ಸಿಕ್ಕಿರುತ್ತದೆ, ರೂಟರ್‌ನ ಐಪಿವಿ6 ಫೈರ್‌ವಾಲ್ ಚಾಲೂ ಇದೆಯೇ ಎಂದು ನೋಡಿಕೊಳ್ಳಿ. ಯುಪಿಎನ್‌ಪಿ ಆಯ್ಕೆಯನ್ನು ಆಗಲೇ ಮುಚ್ಚಿ, ಅದು ಯಾರನ್ನೂ ಕೇಳದೆ ಪೋರ್ಟ್ ತೆರೆಯುವ ವ್ಯವಸ್ಥೆ.

ಹೊರಗಿನ ಬಾಗಿಲಿಗಿಂತ ನನಗೆ ಹೆಚ್ಚು ಚಿಂತೆ ಒಳಗಿನದು. ಗಿರಣಿಯಲ್ಲಿ ಸಿಸಿಟಿವಿ ಡಿವಿಆರ್, ಬಂದವರಿಗೆಲ್ಲ ಕೊಡುವ ವೈಫೈ, ಲೆಕ್ಕದವರ ಕಂಪ್ಯೂಟರ್, ಈಗ ತೂಕದ ಪೆಟ್ಟಿಗೆ ಇವೆಲ್ಲ ಒಂದೇ ಸ್ವಿಚ್‌ನಲ್ಲಿ ಇರುತ್ತವೆ ಎಂದೇ ಭಾವಿಸುತ್ತೇನೆ, ಏಕೆಂದರೆ ಹಾಗಿಲ್ಲದ ಗಿರಣಿ ಅಪರೂಪ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹರಡಿದ್ದು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಇಂಥ ಡಿವಿಆರ್ ಮತ್ತು ಕ್ಯಾಮೆರಾಗಳಿಂದಲೇ. ಅದೇ ನೆಟ್‌ವರ್ಕ್‌ನಲ್ಲಿ ನೆಲೆ ಸಿಕ್ಕವನು ಎಆರ್‌ಪಿ ಮೋಸದಿಂದ (ತಾನೇ ಇನ್ನೊಂದು ಸಾಧನವೆಂದು ನಟಿಸಿ) ಪೆಟ್ಟಿಗೆ ಮತ್ತು ಕಂಪ್ಯೂಟರ್ ನಡುವೆ ನುಸುಳಿ, ಗೂಢಲಿಪಿಯಿಲ್ಲದ ಸಾಲಿನಲ್ಲಿ 18,340 ಕಿಲೋ ಇದ್ದದ್ದನ್ನು 18,940 ಮಾಡಬಹುದು. ಒಂದು ಅಂಕಿ ಅಷ್ಟೇ, ಇಂಡಿಕೇಟರ್‌ನ ಮುಖದಲ್ಲಿ ಸರಿಯಾದ ತೂಕವೇ ಇರುತ್ತದೆ. ಇಂಡಿಕೇಟರ್‌ಗೆ ಹೋಗುವ ಮೂರನೆಯ ತಂತಿಯನ್ನು ಬಿಟ್ಟದ್ದು ಇದನ್ನು ತಡೆಯುವುದಿಲ್ಲ. ಆದ್ದರಿಂದ ವಿಎಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಮಾಡಬಲ್ಲ ಸ್ವಿಚ್ ಒಂದನ್ನು ತಂದು ಎರಡು ಪೆಟ್ಟಿಗೆಗಳನ್ನೂ ಕಚೇರಿ ಕಂಪ್ಯೂಟರಿನ ಎರಡನೆಯ ನೆಟ್‌ವರ್ಕ್ ಕಾರ್ಡನ್ನೂ ಪ್ರತ್ಯೇಕ ವಿಎಲ್ಯಾನ್‌ನಲ್ಲಿ ಇಡಿ. ಆ ವಿಎಲ್ಯಾನ್‌ಗೆ ಇಂಟರ್‌ನೆಟ್ ಬೇಡ, ವೈಫೈ ಬೇಡ, ಡಿವಿಆರ್ ಬೇಡ. ಸಣ್ಣ ಗಿರಣಿಗೆ ಇನ್ನೂ ಸುಲಭದ ದಾರಿಯೆಂದರೆ ಇದಕ್ಕಾಗಿಯೇ ಬೇರೊಂದು ಸಾದಾ ಸ್ವಿಚ್ ಇಟ್ಟು ಅದನ್ನು ಉಳಿದ ನೆಟ್‌ವರ್ಕ್‌ಗೆ ಸಿಕ್ಕಿಸದೇ ಇರುವುದು; ಎರಡು ಫೈಬರ್ ಕನ್ವರ್ಟರ್, ಎರಡು ಪೆಟ್ಟಿಗೆ, ಒಂದು ಕಂಪ್ಯೂಟರ್, ಅಷ್ಟೇ. ಮುಂದೆ ಹೊಸ ಪೆಟ್ಟಿಗೆ ಕೊಳ್ಳುವಾಗ ಡೇಟಾ ಪೋರ್ಟ್‌ಗೇ ಟಿಎಲ್‌ಎಸ್ ಎಂಬ ಗೂಢಲಿಪಿ ಇರುವ ಸರಣಿಯನ್ನು ಕೇಳಿ. ಮಾಡ್‌ಬಸ್‌ಗೂ 802ನೆಯ ಪೋರ್ಟ್‌ನಲ್ಲಿ ಟಿಎಲ್‌ಎಸ್ ಬಳಸುವ ಸುರಕ್ಷಿತ ರೂಪ ಬಂದಿದೆ, ಆದರೆ ನಿಮ್ಮ ತಂತ್ರಾಂಶ ಅದನ್ನು ಬಲ್ಲದೇ ಎಂದು ಕೇಳಿಯೇ ಹಣ ಕೊಡಿ.

ವಿಎಫ್‌ಡಿಗಳ ಬಗ್ಗೆ ಆರಂಭದಲ್ಲೇ ಬೇಡವೆಂದೆ. ಮೀಟರ್‌ನಿಂದ ಓದುವುದು ಮಾಡ್‌ಬಸ್‌ನ 03 ಅಥವಾ 04ನೆಯ ಫಂಕ್ಷನ್, ಅಂದರೆ ಆದೇಶ ಸಂಖ್ಯೆ. ವಿಎಫ್‌ಡಿ ಓಡಿಸುವುದು, ನಿಲ್ಲಿಸುವುದು, ವೇಗ ಬದಲಿಸುವುದು 06 ಅಥವಾ 16ನೆಯ ಫಂಕ್ಷನ್‌ನಿಂದ ಒಂದು ರಿಜಿಸ್ಟರ್‌ಗೆ ಬರೆದರೆ ಮುಗಿಯಿತು. ಎರಡೂ ಒಂದೇ ಲೈನಿನಲ್ಲಿದ್ದರೆ, ಯೂನಿಟ್ ಲೆಕ್ಕ ನೋಡಲು ಕೊಟ್ಟ ಪ್ರವೇಶವೇ ಬ್ಲೋವರ್ ನಿಲ್ಲಿಸುವ ಪ್ರವೇಶವೂ ಆಗುತ್ತದೆ. ದುರುದ್ದೇಶವೇ ಬೇಕಿಲ್ಲ, ಸ್ಲೇವ್ (ಲೈನಿನ ಉಪಕರಣದ) ವಿಳಾಸದಲ್ಲಿ ಒಂದು ಅಂಕಿ ತಪ್ಪಿದರೂ ಸಾಕು. ವಿದ್ಯುತ್ ದೃಷ್ಟಿಯಿಂದಲೂ ವಿಎಫ್‌ಡಿ ಹೊರಸೂಸುವ ಗದ್ದಲ ಮೀಟರ್‌ಗಳ ಲೈನಿಗೆ ಒಳ್ಳೆಯದಲ್ಲ. ವಿಎಫ್‌ಡಿಯ ಸ್ಥಿತಿಯನ್ನು ನೋಡಲೇಬೇಕಾದರೆ ಪ್ರತ್ಯೇಕ ಲೈನ್, ಐಸೋಲೇಷನ್ ಇರುವ ಪ್ರತ್ಯೇಕ ಪೋರ್ಟ್ ಬಳಸಿ. ಓಡು, ನಿಲ್ಲು ಆದೇಶಗಳು ಟರ್ಮಿನಲ್‌ನಿಂದ ಮಾತ್ರ ಬರುವಂತೆ ವಿಎಫ್‌ಡಿಯ ಪ್ಯಾರಾಮೀಟರ್‌ನಲ್ಲೇ ಇಡಿ. ಬರೆಯುವ ಫಂಕ್ಷನ್‌ಗಳನ್ನು ತಡೆಹಿಡಿಯುವ ಸೌಲಭ್ಯ ಕೆಲವು ಗೇಟ್‌ವೇಗಳಲ್ಲಿದೆ. ಮೀಟರ್‌ಗಳ ಗೇಟ್‌ವೇಯಲ್ಲಿ ಅದಿದ್ದರೆ ಈಗಲೇ ಚಾಲೂ ಮಾಡಿ, ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಅನುಪಾತವನ್ನು ಯಾರೂ ದೂರದಿಂದ ಬದಲಿಸುವಂತಿರಬಾರದು.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಪಟ್ಟಿಯಲ್ಲಿಲ್ಲದ ಲ್ಯಾಪ್‌ಟಾಪ್ ಒಂದನ್ನು ಮೊದಲು ಪೆಟ್ಟಿಗೆಗಳ ವಿಎಲ್ಯಾನ್‌ಗೆ, ನಂತರ ವೈಫೈಗೆ ಸೇರಿಸಿ, ಎನ್‌ಮ್ಯಾಪ್ ಎಂಬ ಸ್ಕ್ಯಾನ್ ತಂತ್ರಾಂಶದಿಂದ ಎಲ್ಲ 65,535 ಟಿಸಿಪಿ ಪೋರ್ಟ್‌ಗಳನ್ನೂ ನೋಡಿ; ಪಟ್ಟಿಯಲ್ಲಿ ಇಲ್ಲದವರಿಗೆ ಪೆಟ್ಟಿಗೆ ಯಾವ ಪೋರ್ಟನ್ನೂ ತೆರೆದು ತೋರಿಸಬಾರದು, ವೈಫೈನಿಂದ ಅದು ಕಾಣಲೇಬಾರದು. ಪೋರ್ಟ್ ಸ್ಕ್ಯಾನ್‌ಗೆ ಹಳೆಯ ಪೆಟ್ಟಿಗೆಗಳು ಕೆಲವೊಮ್ಮೆ ಸಿಲುಕಿಕೊಂಡು ನಿಲ್ಲುವುದರಿಂದ ಸುಗ್ಗಿಯ ನಡುಹಗಲಿನಲ್ಲಿ ಇದನ್ನು ಮಾಡಬೇಡಿ. ಪೆಟ್ಟಿಗೆಯ ಸಿಸ್‌ಲಾಗ್ (ಘಟನೆಗಳ ದಾಖಲೆ) ಅನ್ನು ಕಚೇರಿಯ ಕಂಪ್ಯೂಟರಿಗೆ ಕಳುಹಿಸಿ, ಎರಡರ ಗಡಿಯಾರಗಳೂ ಸಮಯ ಹೊಂದಿಸುವ ಎನ್‌ಟಿಪಿಯಿಂದ ಒಂದೇ ಸಮಯ ತೋರಿಸುವಂತೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಲಾಗ್‌ಗಳನ್ನು 180 ದಿನ ಇಡುವಂತೆಯೂ, ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸುವಂತೆಯೂ ಹೇಳುತ್ತವೆ. ಕಂಪನಿಯ ರೂಪದಲ್ಲಿರುವ ಗಿರಣಿ ಅದನ್ನು ತನಗೆ ಸಂಬಂಧಿಸಿದ್ದೆಂದೇ ಓದಿಕೊಳ್ಳಬೇಕು.

ಪೆಟ್ಟಿಗೆಯ ಮೈಮೇಲೆ ಪಿನ್ ಚುಚ್ಚಿ ಒತ್ತುವ ರೀಸೆಟ್ ಗುಂಡಿ ಇರುತ್ತದೆ. ಅದನ್ನು ಕೆಲವು ಸೆಕೆಂಡ್ ಹಿಡಿದರೆ ನೀವು ಹಾಕಿದ ಪಾಸ್‌ವರ್ಡ್, ಐಪಿ ಪಟ್ಟಿ ಎಲ್ಲವೂ ಹೋಗಿ ಕಾರ್ಖಾನೆಯ ಸ್ಥಿತಿ ಮರಳುತ್ತದೆ. ವೇಬ್ರಿಡ್ಜ್ ಕ್ಯಾಬಿನ್‌ನಲ್ಲಿ ಹಗಲಿಡೀ ಚಾಲಕರು ಬಂದುಹೋಗುವುದರಿಂದ ಪೆಟ್ಟಿಗೆ, ಫೈಬರ್ ಕನ್ವರ್ಟರ್ ಮತ್ತು ಅವುಗಳ ವಿದ್ಯುತ್ ಅಡಾಪ್ಟರ್ ಮೂರನ್ನೂ ಧೂಳು ಹೋಗದ, ಬೀಗವಿರುವ ಒಂದೇ ಲೋಹದ ಡಬ್ಬಿಯಲ್ಲಿ ಗೋಡೆಗೆ ಕೂರಿಸಿ. ಭತ್ತದ ಧೂಳಿಗೂ ಅದೇ ಪರಿಹಾರ. ಸೆಟ್ಟಿಂಗ್‌ಗಳ ಫೈಲನ್ನು ಎಕ್ಸ್‌ಪೋರ್ಟ್ ಮಾಡಿ ಎರಡು ಕಡೆ ಇಟ್ಟುಕೊಳ್ಳಿ, ಆದರೆ ಅದರೊಳಗೆ ಪಾಸ್‌ವರ್ಡ್‌ಗಳೂ ಇರಬಹುದಾದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳುಹಿಸಬೇಡಿ. ಕೊಯ್ಲಿನ ಕಾಲದಲ್ಲಿ ಒಂದು ದಿನ ತೂಕ ನಿಂತರೂ ಲಾರಿಗಳ ಸಾಲು ರಸ್ತೆಗೆ ಬರುತ್ತದೆ. ಅದೇ ಮಾದರಿಯ ಇನ್ನೊಂದು ಪೆಟ್ಟಿಗೆಗೆ ಅದೇ ಫೈಲ್ ತುಂಬಿ, ಒಮ್ಮೆ ಜೋಡಿಸಿ ತೂಕ ಬರುವುದನ್ನು ನೋಡಿ, ಬೀರುವಿನಲ್ಲಿ ಇಟ್ಟುಕೊಳ್ಳಿ. ಕೆಟ್ಟ ಪೆಟ್ಟಿಗೆಯನ್ನು ವಾರಂಟಿಗೆ ಕಳುಹಿಸುವ ಮೊದಲು, ಇನ್ನೂ ಚಾಲೂ ಆಗುವಂತಿದ್ದರೆ, ಆ ರೀಸೆಟ್ ಗುಂಡಿಯನ್ನು ನೀವೇ ಒತ್ತಿ. ಚಾಲೂ ಆಗದೇ ಹೋದರೆ ಅದರಲ್ಲಿದ್ದ ಪಾಸ್‌ವರ್ಡ್ ಬೇರೆಲ್ಲಿಯಾದರೂ ಬಳಕೆಯಲ್ಲಿದೆಯೇ ಎಂದು ನೋಡಿ ಅದನ್ನು ಬದಲಿಸಿದ ಮೇಲೆ ಕಳುಹಿಸಿ.